ಅಪ್ಪ ತಟ್ಟಿ ಆರಿಸಿದ ಬಿಲ್ಲು

ನನಗೆ ಕೋಪ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮವರೆಲ್ಲ ನನ್ನ ಬಗ್ಗೆ ಮೊದಲು ಹೇಳುವುದು ಇದನ್ನೇ. ಗಂಡನ ಮನೆ ಬಿಟ್ಟು ಮದ್ರಾಸಿನ ಮೈಲಾಪೂರಿನ ತವರಿಗೆ ವಾಪಸ್ ಬಂದಾಗಲೂ ನೆಂಟರ ಬಾಯಲ್ಲಿ ಅದೇ ಮಾತು: ಆ ಹುಡುಗಿಗೆ ಕೋಪ ಜಾಸ್ತಿ, ಅದಕ್ಕೇ ಬಾಳಲಿಲ್ಲ. ಹೊಡೆಯುತ್ತಿದ್ದವನು ಅವನು, ಕೋಪದ ಹೆಸರು ಮಾತ್ರ ನನಗೆ.

ಅವನು ಬರಿಗೈಯಲ್ಲಿ ಹೊಡೆದವನಲ್ಲ. ಕೈ ನೋಯುತ್ತದೆ ಎಂದೋ ಏನೋ, ಹತ್ತಿರದಲ್ಲಿ ಏನಿದೆಯೋ ಅದನ್ನು ಎತ್ತಿಕೊಳ್ಳುತ್ತಿದ್ದ. ಫೋನ್ ಚಾರ್ಜರಿನ ವೈರು, ಕುಕ್ಕರಿನ ಮುಚ್ಚಳ, ಲಟ್ಟಣಿಗೆ, ಒಂದು ಸಲ ಬಾಗಿಲ ಹಿಂದೆ ನಿಲ್ಲಿಸಿದ್ದ ಕೊಡೆ. ಪೆರಂಬೂರಿನ ಆ ಮನೆಯಲ್ಲಿ ಯಾವ ಕೋಣೆಗೆ ಕಾಲಿಟ್ಟರೂ ನನ್ನ ಕಣ್ಣು ಮೊದಲು ಹೋಗುತ್ತಿದ್ದದ್ದು ಎಲ್ಲಿ ಏನು ಬಿದ್ದಿದೆ ಎಂಬುದರ ಕಡೆಗೆ. ಬೇರೆ ಹೆಂಗಸರು ಮನೆ ಚೊಕ್ಕಟವಾಗಿರಲಿ ಎಂದು ಸಾಮಾನು ಎತ್ತಿಡುತ್ತಾರೆ, ನಾನು ಏಟು ಕಡಿಮೆಯಾಗಲಿ ಎಂದು ಎತ್ತಿಡುತ್ತಿದ್ದೆ. ಅತ್ತೆ ಬಂದವರ ಮುಂದೆ ನನ್ನ ಸೊಸೆ ಎಷ್ಟು ಅಚ್ಚುಕಟ್ಟು ಎಂದು ಹೊಗಳುತ್ತಿದ್ದರು. ಕೊನೆಯ ಸಲ ಅವನ ಕೈಗೆ ಸಿಕ್ಕಿದ್ದು ಸೌಟು. ನಮ್ಮಪ್ಪನ ಅಂಗಡಿಯ ದಪ್ಪ ಸ್ಟೀಲ್ ಸೌಟು, ಮದುವೆಯಲ್ಲಿ ಕೊಟ್ಟದ್ದು, ಹಿಡಿಯ ಮೇಲೆ ನಮ್ಮಿಬ್ಬರ ಹೆಸರೂ ಕೊರೆದದ್ದು. ಅದು ನನ್ನ ಬಲ ಮೊಣಕೈಯ ಮೇಲೆ ಬಿದ್ದು ಬಾಗಿಹೋಯಿತು. ಆ ಬಾಗಿದ ಸೌಟನ್ನೇ ಕೈಚೀಲಕ್ಕೆ ತುರುಕಿಕೊಂಡು, ಲೋಕಲ್ ಹತ್ತಿ, ರೈಲು ಬದಲಾಯಿಸಿ ತವರಿಗೆ ಬಂದೆ.

ಅಂಗಡಿಯಲ್ಲೇ ಕೂತಿದ್ದ ಅಪ್ಪನ ಕೈಗೆ ಅದನ್ನು ಕೊಟ್ಟು, ನೋಡಿ ಎಂದೆ. ಇನ್ನೇನು ಹೇಳಬೇಕು? ಅಪ್ಪ ಸೌಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಹಿಂದಿನ ಕಲ್ಲಿನ ಮೇಲೆ ಅದನ್ನು ಇಟ್ಟು, ಮರದ ಸುತ್ತಿಗೆಯಲ್ಲಿ ತಟ್ಟಿ ನೆಟ್ಟಗೆ ಮಾಡಿ, ಮೇಲಿನ ಮನೆಗೆ ಅವ್ವನ ಹತ್ತಿರ ಕಳಿಸಿದರು. ಆವತ್ತು ಮಧ್ಯಾಹ್ನ ಅವ್ವ ಅದೇ ಸೌಟಿನಲ್ಲಿ ನನಗೆ ಸಾರು ಬಡಿಸಿದಳು. ನನ್ನ ಮೈಯೆಲ್ಲ ಉರಿದುಹೋಯಿತು.

ಅಪ್ಪ ಕೆಟ್ಟವರಲ್ಲ. ತುಮಕೂರಿನ ಕಡೆಯಿಂದ ಬಂದು ತಾತ ಇಟ್ಟ ಪಾತ್ರೆ ಅಂಗಡಿ ಅದು. ಅಪ್ಪ ಹಣೆಗೆ ವಿಭೂತಿ ಇಟ್ಟುಕೊಂಡು ಬೆಳಿಗ್ಗೆ ಶಟರ್ ಎತ್ತಿದರೆ ರಾತ್ರಿಯವರೆಗೂ ಅಲ್ಲೇ. ಗಿರಾಕಿ ಒಂದು ಹಿತ್ತಾಳೆ ಕೊಡ ಕೇಳಿದರೆ ಮೊದಲು ಬೆರಳಿನ ಗೆಣ್ಣಿನಲ್ಲಿ ತಟ್ಟಿ, ಕಿವಿಗೊಟ್ಟು ಕೇಳುತ್ತಾರೆ. ಕಣ್ಣಿಗೆ ಎಷ್ಟೇ ಚೆನ್ನಾಗಿರಲಿ, ಸದ್ದು ಒಡಕಾದರೆ ಪಕ್ಕಕ್ಕೆ. ಪಾತ್ರೆಗೆ ಅಷ್ಟು ಚುರುಕಾಗಿದ್ದ ಕಿವಿ ಮಗಳ ಮಾತಿಗೆ ಮಂದವಾಯಿತು. ಅಳಿಯಂದಿರು ಓದಿದವರು, ಒಂದೇಟು ಹಾಕಿರಬಹುದು, ಇಲ್ಲ ಅನ್ನುವುದಿಲ್ಲ, ನೀನೂ ಬಾಯಿ ಬಿಟ್ಟಿರುತ್ತೀಯ ಎಂದರು. ನಾನು ಕೂಗಾಡಿದೆ. ಅದಕ್ಕೆ ಅಪ್ಪ ತಣ್ಣಗೆ, "ನಾನೇನು ಕಣ್ಣಾರೆ ನೋಡಿದ್ದೀನೇನವ್ವಾ?" ಎಂದು ಕೇಳಿ ಪೇಪರು ಬಿಡಿಸಿಕೊಂಡರು.

ಅಲ್ಲಿಗೆ ಎಲ್ಲ ಗೊತ್ತುಮಾಡಿದ್ದಾಯಿತು. ನವರಾತ್ರಿಯವರೆಗೆ ನಾನು ತವರಿನಲ್ಲಿ ಇರಬಹುದು. ಆಯುಧಪೂಜೆಯ ದಿನ ಅಳಿಯನನ್ನು ಊಟಕ್ಕೆ ಕರೆಯುವುದು, ಊಟವಾದ ಮೇಲೆ ನನಗೆ ಮಡಿಲಕ್ಕಿ ತುಂಬಿ ಅವನ ಜೊತೆ ಕಳಿಸುವುದು. ಹೋಗದಿದ್ದರೆ ಈ ಮನೆಯಲ್ಲಿ ಜಾಗವಿಲ್ಲ ಎಂದು ಅಪ್ಪ ಹೇಳಲಿಲ್ಲ. ಹೇಳದಿದ್ದರೂ ಗೊತ್ತಿತ್ತು. ಮುಂದಿನ ಸಲ ಅವನ ಕೈಗೆ ಏನು ಸಿಗುತ್ತದೋ ಎಂದು ರಾತ್ರಿಯೆಲ್ಲ ಆ ಮನೆಯ ಸಾಮಾನುಗಳನ್ನು ಒಂದೊಂದಾಗಿ ಎಣಿಸುತ್ತಿದ್ದೆ. ಆ ಮನೆಯಿಂದ ನಾನು ಇನ್ನೊಂದು ಸಲ ನಡೆದುಕೊಂಡು ಬರುವುದಿಲ್ಲ ಎಂಬುದು ನನಗೆ ಖಾತ್ರಿಯಾಗಿತ್ತು. ಅವ್ವನಿಗೂ ಆಗಿತ್ತೇನೋ, ನನ್ನ ತಲೆ ಬಾಚಿ ಹೆಣೆದ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು.

ಮೊಣಕೈ ಸರಿಯಾಗಿ ಮಡಚುತ್ತಿರಲಿಲ್ಲವಾದ್ದರಿಂದ ಪೋರೂರಿನ ಒಂದು ಆಸ್ಪತ್ರೆಗೆ ಫಿಸಿಯೋಥೆರಪಿಗೆ ಹೋಗುತ್ತಿದ್ದೆ. ಅಲ್ಲಿಂದ ಕೆರೆಯ ಕಡೆಗೆ ನಡೆದರೆ ಒಂದು ಮೈದಾನ, ಅದರ ಕೊನೆಯಲ್ಲಿ ಬಿಲ್ಲುಗಾರಿಕೆ ಕಲಿಸುವ ಜಾಗ. ಒಂದು ದಿನ ಬೇಲಿಯ ಹೊರಗೆ ನಿಂತು ನೋಡುತ್ತಿದ್ದೆ. ಅಲ್ಲಿನ ಕೋಚ್ ಒಬ್ಬ ತಮಿಳು ಹೆಂಗಸು, ನನಗಿಂತ ಸ್ವಲ್ಪ ದೊಡ್ಡವರು, ಬಿಸಿಲಿಗೆ ಕಂದಿದ ಮುಖ. ನನ್ನ ಕೈಯ ಪಟ್ಟಿ ನೋಡಿ ಒಳಗೆ ಕರೆದರು. ಮಾಮೂಲಿ ಬಿಲ್ಲು ಈ ಮೊಣಕೈಗೆ ಆಗುವುದಿಲ್ಲ, ಕ್ರಾಸ್‌ಬೋ ಹಿಡಿ ಎಂದರು. ಅದರಲ್ಲಿ ಹೆದೆಯನ್ನು ಎಳೆಯುವುದು ಒಂದು ಕೈಯಿಂದಲ್ಲ. ಬಿಲ್ಲಿನ ಮೂತಿಯಲ್ಲಿರುವ ಬಳೆಯೊಳಗೆ ಕಾಲಿಟ್ಟು, ಹಗ್ಗದ ಕೊಕ್ಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಬೆನ್ನಿನ ಬಲದಲ್ಲಿ ಮೇಲೆತ್ತುವುದು. ಹೆದೆ ಬೀಗಕ್ಕೆ ಬಿದ್ದ ಮೇಲೆ ಗಿಡ್ಡ ಬಾಣ ಇಟ್ಟು, ಬಂದೂಕಿನ ಹಾಗೆ ಹಿಡಿದು, ಟ್ರಿಗರ್ ಒತ್ತುವುದು.

ಮೊದಲನೆಯ ಬಾಣ ಹೋಗಿ ಹುಲ್ಲಿನ ಹಲಗೆಗೆ ಧಪ್ಪೆಂದು ನಾಟಿದ ಸದ್ದು ನನ್ನ ಹಲ್ಲಿನವರೆಗೂ ಬಂತು. ಹೊಡೆಯುವುದು ಎಂದರೆ ಏನು ಎಂದು ನನಗೆ ಅದುವರೆಗೆ ಒಂದು ಕಡೆಯಿಂದ ಮಾತ್ರ ಗೊತ್ತಿತ್ತು. ಆವತ್ತು ಇನ್ನೊಂದು ಕಡೆಯಿಂದ ಗೊತ್ತಾಯಿತು. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಮರುದಿನವೂ ಹೋದೆ, ಅದರ ಮರುದಿನವೂ.

ಕೋಚ್ ಕಲಿಸಿದ ಮೊದಲ ಪಾಠ ಗುರಿಯದ್ದಲ್ಲ. ಬಾಣವಿಲ್ಲದೆ ಬಿಲ್ಲು ಬಿಡಬಾರದು ಎಂಬುದು. ಬಾಣ ಇದ್ದರೆ ಹೆದೆಯ ರಭಸವನ್ನೆಲ್ಲ ಬಾಣ ಹೊತ್ತುಕೊಂಡು ಹೋಗುತ್ತದೆ. ಇಲ್ಲದಿದ್ದರೆ ಅಷ್ಟೂ ರಭಸ ಬಿಲ್ಲಿಗೇ ವಾಪಸ್ ಬರುತ್ತದೆ, ಬಿಲ್ಲಿನ ಎರಡು ಬದಿಯ ಬಾಗಿದ ರೆಕ್ಕೆಗಳು ಚೂರಾಗುತ್ತವೆ, ಹೆದೆ ಕಿತ್ತು ಚಾಟಿಯಾಗುತ್ತದೆ. ಎರಡನೆಯ ಪಾಠ, ಹೆಬ್ಬೆರಳು ಯಾವತ್ತೂ ಹೆದೆ ಓಡುವ ದಾರಿಯ ಮೇಲೆ ಇರಬಾರದು. ಇವೆರಡನ್ನು ನನ್ನ ಬಾಯಲ್ಲಿ ದಿನಾ ಹೇಳಿಸುತ್ತಿದ್ದರು, ಮಗ್ಗಿ ಹೇಳಿಸುವ ಹಾಗೆ.

ಕಾರ್ತಿಕದಲ್ಲಿ ಊರಿನ ಮಟ್ಟದ ಒಂದು ಸ್ಪರ್ಧೆ ಇತ್ತು. ನಿನ್ನದೇ ಬಿಲ್ಲು ಇದ್ದರೆ ಕಳಿಸುತ್ತೇನೆ ಎಂದರು ಕೋಚ್. ಗೆದ್ದರೆ ಅಲ್ಲೇ ಮಕ್ಕಳಿಗೆ ಕಲಿಸುವ ಕೆಲಸ ಕೊಡಿಸುವ ಮಾತೂ ಆಡಿದರು, ಮೈದಾನದ ಪಕ್ಕದಲ್ಲಿ ಇರಲು ಕೋಣೆಯೂ ಉಂಟಂತೆ. ನನಗೆ ಬೇಕಾಗಿದ್ದದ್ದು ಆ ಕೋಣೆ. ಬಾಗಿಲಿಗೆ ಒಳಗಿನಿಂದ ಚಿಲಕ ಇರುವ ಒಂದು ಕೋಣೆ. ಅಪ್ಪನಿಗೆ ಇದನ್ನೆಲ್ಲ ಹೇಳಲಿಲ್ಲ, ಬಿಲ್ಲು ತಗೋಬೇಕು ಎಂದಷ್ಟೇ ಹೇಳಿದೆ. ಅಪ್ಪ ಗಿರಾಕಿಗೆ ಕೊಡುವ ಬಿಲ್ಲಿನ ಪುಸ್ತಕ ಎತ್ತಿ ನನ್ನ ಮುಂದೆ ನೂಕಿದರು. ಎಷ್ಟೋ ದಿನದ ಮೇಲೆ ನಾನು ನಕ್ಕದ್ದು ಆವತ್ತು, ಅಪ್ಪನೂ ನಕ್ಕರು. ಹೇಗೂ ಹಬ್ಬದವರೆಗೆ ತಾನೆ, ಕೋಪ ಅಲ್ಲೇ ಎಲ್ಲಾದರೂ ಕಳೆದುಕೊಂಡು ಬರಲಿ ಎಂದು ಒಪ್ಪಿದರು ಅನ್ನಿಸುತ್ತದೆ.

ಮೈದಾನದಲ್ಲಿ ಎರಡು ಥರದ ಬಿಲ್ಲು ಇದ್ದವು. ಎರಡರ ರೆಕ್ಕೆಗಳೂ ಒಂದೇ ಜಾತಿ, ತುದಿಯಲ್ಲಿ ಮುಂದಕ್ಕೆ ಬಾಗಿದ ರಿಕರ್ವ್ ರೆಕ್ಕೆಗಳು. ವ್ಯತ್ಯಾಸ ಇದ್ದದ್ದು ಚೌಕಟ್ಟಿನಲ್ಲಿ, ಅಂದರೆ ಹಿಡಿ, ಟ್ರಿಗರ್, ಬಾಣ ಮಲಗುವ ಕಾಲುವೆ ಎಲ್ಲವನ್ನೂ ಹೊತ್ತ ಬೆನ್ನೆಲುಬಿನಲ್ಲಿ. ಒಂದು ಕಾಂಪೊಸಿಟ್. ಗಾಜಿನ ಎಳೆ, ಕಾರ್ಬನ್ ಎಳೆ ಸೇರಿಸಿ ಅಂಟಿನಲ್ಲಿ ಎರಕ ಹೊಯ್ದದ್ದು, ಎಲ್ಲರೂ ಫೈಬರ್ ಎನ್ನುತ್ತಿದ್ದರು. ಇನ್ನೊಂದು ಅಲ್ಯೂಮಿನಿಯಮ್.

ನನಗೆ ಮೊದಲು ಮನಸ್ಸಾದದ್ದು ಫೈಬರ್ ಮೇಲೆ. ಹಗುರ. ನನ್ನ ಮೊಣಕೈ ಬೇಗ ದಣಿಯುತ್ತಿತ್ತು, ಬೆಳಗಿನ ಅಭ್ಯಾಸದ ಕೊನೆಯವರೆಗೂ ಅದನ್ನು ಎತ್ತಿ ಹಿಡಿಯಬಹುದಿತ್ತು. ಮದ್ರಾಸಿನ ಬಿಸಿಲಿಗೆ ಅದು ಕಾಯುತ್ತಿರಲಿಲ್ಲ, ಕೆನ್ನೆ ಒತ್ತಿಟ್ಟರೆ ಮೇಜಿನ ಮೇಲೆ ಇಟ್ಟ ಹಾಗೆ. ಬಾಣ ಬಿಟ್ಟಾಗ ಬರುವ ನಡುಕವನ್ನು ಅದೇ ನುಂಗಿಕೊಳ್ಳುತ್ತಿತ್ತು, ನನ್ನ ಮೂಳೆಗೆ ಬಿಡುತ್ತಿರಲಿಲ್ಲ. ಅಲ್ಯೂಮಿನಿಯಮ್ ಹಾಗಲ್ಲ. ಮೂತಿ ಭಾರ. ಹತ್ತು ಗಂಟೆಯ ಬಿಸಿಲಿಗೆ ಕಾದ ಹೆಂಚು. ಟ್ರಿಗರ್ ಒತ್ತಿದರೆ ಝುಮ್ಮೆಂದು ಅಂಗೈಯಿಂದ ಹೆಗಲಿನವರೆಗೆ ಓಡುತ್ತಿತ್ತು, ಹಳೆಯ ಏಟಿನ ಜಾಗದಲ್ಲಿ ಒಂದು ಸಲ ನಿಂತು ಮುಂದೆ ಹೋಗುತ್ತಿತ್ತು. ಆದರೆ ಆ ಭಾರಕ್ಕೇ ಅದು ಅಲುಗಾಡುತ್ತಿರಲಿಲ್ಲ, ನನ್ನ ಕೈ ನಡುಗಿದರೂ ಗುರಿ ನಡುಗುತ್ತಿರಲಿಲ್ಲ.

ಕೋಚ್ ಇನ್ನೊಂದು ಮಾತು ಹೇಳಿದರು. ಅಲ್ಯೂಮಿನಿಯಮ್ ಬಿದ್ದರೆ ತಗ್ಗು ಬೀಳುತ್ತದೆ, ಬಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಫೈಬರ್ ಬಿದ್ದರೆ ಹೊರಗೆ ಏನೂ ಕಾಣದೆ ಒಳಗೇ ಎಳೆ ಬಿಟ್ಟಿರಬಹುದು. ಮೇಲೆ ಹೊಳಪು ಹಾಗೇ ಇರುತ್ತದೆ, ಒಂದು ದಿನ ಕೈಯಲ್ಲೇ ಕುತ್ತಿಗೆ ಮುರಿಯುತ್ತದೆ. ಈ ಮಾತು ಕೇಳಿದ ಮೇಲೆ ನನಗೆ ಫೈಬರ್ ಮೇಲೆ ಸಿಟ್ಟು ಬಂತು. ಒಳಗೊಳಗೇ ಒಡೆದುಕೊಂಡು ಮೇಲೆ ಥಳಥಳ ಎನ್ನುವುದನ್ನು ನಾನು ಪೆರಂಬೂರಿನಲ್ಲಿ ಸಾಕಷ್ಟು ಮಾಡಿದ್ದೆ. ಆದರೂ ಮೊಣಕೈ ಅದನ್ನೇ ಕೇಳುತ್ತಿತ್ತು. ಒಂದು ದಿನ ಅದು, ಒಂದು ದಿನ ಇದು. ನನಗೆ ತಲೆ ಚಿಟ್ಟು ಹಿಡಿಯಿತು, ಕೋಚ್‌ಗೂ ಹಿಡಿಯಿತು.

ಕೊನೆಗೆ ಅಪ್ಪನೇ ಬಂದರು. ನಾನೇ ನೋಡ್ತೀನಿ ನಡೆಯವ್ವಾ ಎಂದು ಅಂಗಡಿ ಮುಚ್ಚಿ, ಬಿಳಿ ಅಂಗಿ ಹಾಕಿಕೊಂಡು, ಬಸ್ಸಿನಲ್ಲಿ ನನ್ನ ಜೊತೆ ಪೋರೂರಿಗೆ ಬಂದರು. ಎರಡು ಚೌಕಟ್ಟನ್ನೂ ಮೇಜಿನ ಮೇಲೆ ಇಡಿಸಿ, ಫೈಬರನ್ನು ಗೆಣ್ಣಿನಲ್ಲಿ ತಟ್ಟಿದರು. ಟೊಕ್ ಎಂದಿತು. ಅಲ್ಯೂಮಿನಿಯಮನ್ನು ಎರಡು ಬೆರಳಲ್ಲಿ ತೂಗಿ ಹಿಡಿದು ತಟ್ಟಿದರು. ಸದ್ದು ಎದ್ದು ಸ್ವಲ್ಪ ಹೊತ್ತು ನಿಂತಿತು. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದರು. ಅಂಗಡಿಯಲ್ಲಿ ಅಲ್ಯೂಮಿನಿಯಮ್ ಪಾತ್ರೆ ಕೇಳಿದವರಿಗೆ ಮೂಗು ಮುರಿಯುವ ಮನುಷ್ಯ ಆವತ್ತು, "ಇದನ್ನ ಇಟ್ಕೋ. ಇದು ಒಡೆಯಲ್ಲ" ಎಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. ಪಕ್ಕದವರು ಕೇಳಿದ್ದಕ್ಕೆ ನನ್ನ ಮಗಳದು ಎಂದರು. ಆ ಅಪ್ಪನ ಮೇಲೆ ಎಷ್ಟು ಹೊತ್ತು ಸಿಟ್ಟು ಇಟ್ಟುಕೊಳ್ಳಲಿ?

ಇಟ್ಟುಕೊಳ್ಳಬೇಕಾಗಿತ್ತು. ಹಬ್ಬ ಹತ್ತಿರ ಬರುತ್ತಿದ್ದ ಹಾಗೆ ಅಪ್ಪ ಫೋನಿನಲ್ಲಿ ಅವನ ಜೊತೆ ಬನ್ನಿ ಅಳಿಯಂದ್ರೆ, ಖಂಡಿತಾ ಬರಬೇಕು ಎಂದು ಬಾಯ್ತುಂಬ ಕರೆಯುತ್ತಿದ್ದರು. ನಾನು ಹೋಗುವುದಿಲ್ಲ ಎಂದು ಮತ್ತೆ ಹೇಳಿದೆ. ಹಬ್ಬದ ದಿನ ಬಂದವರ ಮುಂದೆ ಮಾನ ತೆಗೆಯಬೇಡ ಎಂದರು. ಸ್ಪರ್ಧೆಗೆ ಇನ್ನೂ ದಿನಗಳಿದ್ದವು. ಕೋಣೆ ಇನ್ನೂ ನನ್ನದಾಗಿರಲಿಲ್ಲ.

ನಮ್ಮ ಅಂಗಡಿಯ ಆಯುಧಪೂಜೆಗೆ ತಾತನ ಕಾಲದ ಒಂದು ಪದ್ಧತಿ ಇದೆ. ಪೂಜೆ ಮಾಡಿದ ಆಯುಧವನ್ನು ಹಾಗೇ ಎತ್ತಿಡುವಂತಿಲ್ಲ, ಅಲ್ಲೇ ಒಂದು ಸಲ ಆಡಿಸಬೇಕು. ತಕ್ಕಡಿಯಲ್ಲಿ ತೆಂಗಿನಕಾಯಿ ತೂಗುವುದು, ಕತ್ತರಿಯಲ್ಲಿ ಹೂವಿನ ದಾರ ಕತ್ತರಿಸುವುದು, ಹೆಸರು ಕೊರೆಯುವ ಯಂತ್ರದಲ್ಲಿ ಒಂದು ತಗಡಿನ ಮೇಲೆ ಓಂ ಬರೆಯುವುದು, ಸ್ಕೂಟರನ್ನು ನಿಂಬೆಹಣ್ಣಿನ ಮೇಲೆ ಹತ್ತಿಸುವುದು. ಆಡಿಸದೆ ಬಿಟ್ಟ ಆಯುಧ ವರ್ಷವಿಡೀ ಮುನಿಸಿಕೊಂಡಿರುತ್ತದೆ ಎಂದು ತಾತ ನಂಬಿದ್ದರಂತೆ. ಈ ಸಲ ನಾನು ಸ್ನಾನ ಮಾಡಿ ಕೆಳಗೆ ಬರುವಷ್ಟರಲ್ಲಿ ನನ್ನ ಬಿಲ್ಲೂ ಅಲ್ಲಿತ್ತು. ತಕ್ಕಡಿಯ ಪಕ್ಕದಲ್ಲಿ, ಬಾಳೆಎಲೆಯ ಮೇಲೆ, ಚೌಕಟ್ಟಿಗೆ ಮೂರು ಎಳೆ ವಿಭೂತಿ, ಕುಂಕುಮ, ಚೆಂಡುಹೂವು. ಮನೆಯಲ್ಲಿದ್ದ ಅದನ್ನು ಅಪ್ಪನೇ ಎತ್ತಿಕೊಂಡು ಬಂದಿದ್ದರು.

ಅವನು ಬಂದ. ರೇಷ್ಮೆ ಪಂಚೆ, ಹೊಸ ಅಂಗಿ, ಹಣ್ಣಿನ ಬುಟ್ಟಿ. ಅಪ್ಪನ ಕಾಲಿಗೆ ಬಿದ್ದ, ಅವ್ವನ ಕಾಲಿಗೂ ಬಿದ್ದ. ಅಂಗಡಿಯ ಶಟರನ್ನು ಅರ್ಧ ಇಳಿಸಿದ್ದರು. ಒಳಗೆ ನಾವು ನಾಲ್ವರೇ, ಸುತ್ತ ಗೋಡೆಯ ತುಂಬ ಪಾತ್ರೆ. ಮಂಗಳಾರತಿಯಾಯಿತು. ತಕ್ಕಡಿ ಆಡಿತು, ಕತ್ತರಿ ಆಡಿತು, ಯಂತ್ರ ಗುಂಯ್‌ಗುಟ್ಟಿತು. ಅಪ್ಪ ಬಿಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಇದು ಅಳಿಯಂದಿರ ಕೈಯಿಂದಲೇ ಆಗಲಿ ಎಂದು ಅವನ ಮುಂದೆ ಹಿಡಿದರು. ಮಗಳನ್ನು ಒಪ್ಪಿಸುವ ಮೊದಲು ಒಂದು ಮರ್ಯಾದೆ, ಅಷ್ಟೇ ಅವರ ಮನಸ್ಸಿನಲ್ಲಿ ಇದ್ದದ್ದು.

"ಅಪ್ಪಾ, ಬಾಣ ಹಾಕ್ದೆ ಬಿಡಬಾರ್ದು. ಬಿಲ್ಲು ಸಿಡಿಯುತ್ತೆ" ಎಂದೆ.

ಅಪ್ಪ ಮಗುವಿಗೆ ಹೇಳುವ ಹಾಗೆ ನಕ್ಕರು. "ಬಾಣ ಇದ್ರಲ್ಲವೇನವ್ವಾ ಅಪಾಯ? ಬಾಣಾನೇ ಇಲ್ದಿರೋ ಬಿಲ್ಲು ಯಾರಿಗೇನು ಮಾಡುತ್ತೆ?"

ನಾಳೆ ಬೆಳಿಗ್ಗೆ ಮೈದಾನದಲ್ಲಿ ಬಾಣ ಹಾಕಿ ನಾನೇ ಆಡಿಸುತ್ತೇನೆ, ಅಲ್ಲಿಯವರೆಗೆ ಬಿಡಿ ಎಂದು ಬೇಡಿಕೊಂಡೆ. ಪೂಜೆ ಇವತ್ತು, ನಾಳೆ ಆಡಿಸಿದರೆ ಏನು ಬಂತು ಎಂದು ಅಪ್ಪ ಬಿಲ್ಲಿಗೆ ಬೆಳಗಲು ಮತ್ತೆ ಕರ್ಪೂರ ಹಚ್ಚಿ ತಟ್ಟೆ ಎತ್ತಿಕೊಂಡರು. ಅವನು ಆಗಲೇ ಬಿಲ್ಲಿನ ಮೂತಿಯನ್ನು ನೆಲಕ್ಕೆ ಊರಿ, ಬಳೆಯೊಳಗೆ ಕಾಲಿಟ್ಟಾಗಿತ್ತು. ಕೊಕ್ಕೆಯ ಹಗ್ಗ ಬೇಡವೆಂದು ಬರಿಗೈಯಲ್ಲೇ ಹೆದೆಯನ್ನು ಎಳೆದ, ಕುತ್ತಿಗೆಯ ನರ ಉಬ್ಬಿಸಿಕೊಂಡು, ಅಪ್ಪ ನೋಡಲಿ ಎಂದು. ಹೆದೆ ಬೀಗಕ್ಕೆ ಬಿದ್ದ ಸದ್ದು ಕೇಳಿತು. ಅವನು ಬಿಲ್ಲನ್ನು ಮೇಲೆತ್ತಿದ. ಎಡಗೈಯ ಹೆಬ್ಬೆರಳು ಕಾಲುವೆಯ ಮೇಲೆ ಎದ್ದು ನಿಂತಿತ್ತು, ಸರಿಯಾಗಿ ಹೆದೆ ಓಡುವ ದಾರಿಯಲ್ಲಿ.

"ಬಿಡಬೇಡ್ರೀ" ಎಂದೆ. "ಹೆಬ್ಬೆಟ್ಟು ತೆಗೀರಿ. ಬಿಡಬೇಡಿ."

ಅವನು ನನ್ನ ಕಡೆ ತಿರುಗಿ ನೋಡಿದ. ಆ ನೋಟ ನನಗೆ ಗೊತ್ತಿದ್ದದ್ದೇ. ನಾನು ಬೇಡ ಎಂದರೆ ಅವನಿಗೆ ಅದು ಆಗಲೇಬೇಕು. ನನ್ನನ್ನೇ ನೋಡುತ್ತಾ ಟ್ರಿಗರ್ ಒತ್ತಿದ.

ಮೊದಲು ಬಂದದ್ದು ಪಟಾಕಿಯಂಥ ಸದ್ದು. ಎಡಗಡೆಯ ರೆಕ್ಕೆ ಬುಡದಲ್ಲೇ ಸೀಳಿ, ಚೂರುಗಳು ಮೇಲಿನ ಸಾಲಿಗೆ ಬಡಿದವು. ನೇತುಹಾಕಿದ್ದ ಬಾಣಲೆ, ಜಾಲರಿ, ತಟ್ಟೆಗಳು ಧಡಧಡ ಉದುರಿದವು. ಹೆದೆ ಕಿತ್ತು ಗಾಳಿಯಲ್ಲಿ ಶಿಳ್ಳೆ ಹೊಡೆಯಿತು. ಸದ್ದೆಲ್ಲ ನಿಂತ ಮೇಲೆ ಒಂದು ಲೋಟ ಮಾತ್ರ ನೆಲದ ಮೇಲೆ ಉರುಳುತ್ತಾ ಹೋಯಿತು. ಆಮೇಲೆ ಅವನು ಕಿರುಚಿದ. ಹೆಬ್ಬೆರಳಿನ ಉಗುರಿರಲಿಲ್ಲ. ಉಗುರಿನ ಜಾಗದಲ್ಲಿ ಬೆಳ್ಳಗೆ ಏನೋ ಕಂಡು, ನೋಡುತ್ತಿದ್ದ ಹಾಗೆ ಕೆಂಪಾಯಿತು. ಬಾಳೆಎಲೆಯ ಮೇಲೆ, ಹೂವಿನ ಮೇಲೆ, ಅವನ ರೇಷ್ಮೆ ಪಂಚೆಯ ಮೇಲೆ ರಕ್ತ ತೊಟ್ಟಿಕ್ಕತೊಡಗಿತು.

ನಾನು ಅವನ ಕಡೆಗೇ ಹೋದೆ. ಕೈಯನ್ನು ಮೇಲೆತ್ತಿ ಹಿಡಿಯಿರಿ ಎಂದು ಹೇಳಲು ಹೋದದ್ದು. ಅವನ ಬಲಗೈಯಲ್ಲಿ ಚೌಕಟ್ಟು ಇನ್ನೂ ಇತ್ತು. ರೆಕ್ಕೆ ಹೋಗಿದ್ದರೂ, ಹೆದೆ ಹೋಗಿದ್ದರೂ ಅದಕ್ಕೆ ಏನೂ ಆಗಿರಲಿಲ್ಲ. ಅಪ್ಪ ಹೇಳಿದ ಹಾಗೇ ಒಡೆದಿರಲಿಲ್ಲ. ಅವನು ಅದನ್ನು ಬೀಸಿ ನನ್ನ ಕುತ್ತಿಗೆಯ ಬುಡಕ್ಕೆ, ಹೆಗಲ ಎಲುಬಿನ ಮೇಲೆ ಹೊಡೆದ.

ಎಲುಬು ಮುರಿದ ಸದ್ದು ಒಳಗಿನಿಂದ ಕೇಳಿಸುತ್ತದೆ, ಹಸಿ ಕಡ್ಡಿ ಮುರಿದ ಹಾಗೆ. ನಾನು ಕೊಳಗಗಳ ರಾಶಿಯ ಮೇಲೆ ಬಿದ್ದೆ. ನೀನೇ ಮಾಡಿಸಿದೆ, ಬೇಕೂಂತಲೇ ಮಾಡಿಸಿದೆ ಎಂದು ಕಿರುಚುತ್ತಾ ಎರಡನೆಯ ಸಲ ಹೊಡೆದ. ಅದು ತೊಡೆಗೆ ಬಿತ್ತು. ಅಪ್ಪ ಮಂಗಳಾರತಿ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದರು, ಕೈಚಾಚಿದರೆ ಅವನಿಗೆ ಎಟುಕುವಷ್ಟು ಹತ್ತಿರ. ಕರ್ಪೂರ ಇನ್ನೂ ಉರಿಯುತ್ತಿತ್ತು.

ಮೂರನೆಯ ಸಲ ಅವನು ಎತ್ತಿದಾಗ ಅವ್ವ ಹಾರಿ ಅವನ ತೋಳಿಗೆ ಜೋತುಬಿದ್ದಳು. ಜನ್ಮದಲ್ಲಿ ಒಬ್ಬರಿಗೂ ಎದುರು ಮಾತಾಡದ ಹೆಂಗಸು ಅವನ ಮಣಿಕಟ್ಟಿಗೆ ಬಾಯಿ ಹಾಕಿ ಕಚ್ಚಿದಳು. ಕಚ್ಚಿ ಬಿಡಲಿಲ್ಲ. ಚೌಕಟ್ಟು ಅವನ ಕೈಯಿಂದ ಜಾರಿ ನನ್ನ ಪಕ್ಕದಲ್ಲಿ ಬಿತ್ತು. ನಾನು ಅದನ್ನು ಹಿಡಿದೆ. ಅವನು ಬಗ್ಗಿ, ಹೆಬ್ಬೆರಳನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದ, ನೆತ್ತಿ ನನ್ನ ಎದುರಿಗೇ ಇತ್ತು. ಹೊಡೆಯಬೇಕು ಅನ್ನಿಸಿತು. ಅನ್ನಿಸುವುದೇನು, ಎತ್ತಲು ಹೋಗಿಯೇಬಿಟ್ಟೆ. ಕೈ ಮೇಲೇಳಲಿಲ್ಲ. ಮುರಿದ ಎಲುಬು ಒಳಗೆ ಕರಕರ ಎಂದು ಕಣ್ಣು ಕತ್ತಲೆಯಾಯಿತು. ಆ ಒಂದು ಎಲುಬು ನೆಟ್ಟಗಿದ್ದಿದ್ದರೆ ಅವನು ಇವತ್ತು ಇರುತ್ತಿರಲಿಲ್ಲ, ನಾನು ಜೈಲಿನಲ್ಲಿರುತ್ತಿದ್ದೆ.

ಎಷ್ಟೋ ದಿನದ ಮೇಲೆ ಕೋಚ್ ನನ್ನನ್ನು ನೋಡಲು ಬಂದಾಗ ಆ ಚೌಕಟ್ಟನ್ನು ಕೈಯಲ್ಲಿ ಹಿಡಿದು ನೋಡಿದರು. ಫೈಬರ್ ಆಗಿದ್ದರೆ ಬಾಣವಿಲ್ಲದೆ ಬಿಟ್ಟ ಆ ರಭಸಕ್ಕೆ ಚೌಕಟ್ಟೇ ಕುತ್ತಿಗೆಯಲ್ಲಿ ಮುರಿದಿರುತ್ತಿತ್ತು, ಅವನ ಕೈಯಲ್ಲಿ ಹೊಡೆಯುವಂಥದ್ದು ಏನೂ ಉಳಿಯುತ್ತಿರಲಿಲ್ಲ ಎಂದರು. ಹೌದು ಎಂದೆ. ಪಾತ್ರೆ ಅಂಗಡಿಯಲ್ಲಿ ನಿಂತವನಿಗೆ ಕೈಗೆ ಸಿಗುವ ಸಾಮಾನಿಗೆ ಬರವೇ ಎಂದು ಹೇಳಲು ಹೋಗಲಿಲ್ಲ.

ಪಕ್ಕದ ಅಂಗಡಿಯವರು ಶಟರ್ ಎತ್ತಿ, ಆಟೋ ಕರೆದು ನಮ್ಮನ್ನು ಹತ್ತಿರದ ಆಸ್ಪತ್ರೆಗೆ ಸಾಗಿಸಿದರು. ಒಂದು ಆಟೋದಲ್ಲಿ ನಾನು, ಅವ್ವ. ಇನ್ನೊಂದರಲ್ಲಿ ಅವನು, ಅಪ್ಪ. ದಾರಿಯಲ್ಲಿ ಅವರಿಬ್ಬರೂ ಏನು ಮಾತಾಡಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ತುರ್ತು ವಿಭಾಗದಲ್ಲಿ ನಮ್ಮನ್ನು ಅಕ್ಕಪಕ್ಕದ ಮಂಚಗಳಲ್ಲೇ ಕೂರಿಸಿದರು. ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. ನನ್ನ ಹೆಗಲನ್ನು ಮುಟ್ಟಿ ನೋಡಿ, ತೊಡೆಯನ್ನು ನೋಡಿ, ಅವನ ಬೆರಳನ್ನು ನೋಡಿ, ಏನಾಯಿತು ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಅವನು ಶುರುಮಾಡಿದ. ನಯವಾದ ತಮಿಳು, ಆಫೀಸಿನ ತಮಿಳು. ಪೂಜೆಗೆ ಇಟ್ಟಿದ್ದ ಕ್ರಾಸ್‌ಬೋ ಸಿಡಿಯಿತು ಡಾಕ್ಟರ್, ಒಂದು ಚೂರು ನನ್ನ ಬೆರಳಿಗೆ, ಒಂದು ಇವಳ ಹೆಗಲಿಗೆ, ದೇವರ ದಯ, ಇಷ್ಟಕ್ಕೇ ಹೋಯಿತು. ಎಷ್ಟು ಚೆನ್ನಾಗಿ ಕೂತಿತು ನೋಡಿ ಆ ಸುಳ್ಳು. ಬಿಲ್ಲು ಸಿಡಿದದ್ದು ನಿಜ, ಇಬ್ಬರಿಗೂ ಪೆಟ್ಟಾದದ್ದು ನಿಜ. ನಾನು ಇಲ್ಲ, ಇವನು ಹೊಡೆದ ಎಂದೆ. ಅವನು ಬೇಸರದ ನಗು ನಕ್ಕು, ನೋವಿನಲ್ಲಿ ಏನೇನೋ ಹೇಳುತ್ತಾಳೆ, ಮಾವ ಅಲ್ಲೇ ಇದ್ದರು, ಅವರನ್ನೇ ಕೇಳಿ ಎಂದ. ಅಪ್ಪ ಏನು ಹೇಳುತ್ತಾರೆ ಎಂಬ ಬಗ್ಗೆ ಅವನಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ನನಗೂ ಇರಲಿಲ್ಲ.

ಡಾಕ್ಟರ್ ಅಪ್ಪನ ಕಡೆ ತಿರುಗಿದಳು. ಅಪ್ಪ ಗೋಡೆಗೆ ಒರಗಿ ನಿಂತಿದ್ದರು. ವಿಭೂತಿ ಬೆವರಿಗೆ ಕರಗಿ ಹುಬ್ಬಿನವರೆಗೆ ಇಳಿದಿತ್ತು. ನಾನು ಅವರ ಮುಖ ನೋಡಲಾರದೆ ನೆಲ ನೋಡಿದೆ. ಅವ್ವ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು. ನನ್ನ ಮದುವೆಯಾದ ದಿನದಿಂದ ಅಪ್ಪ ಅವನನ್ನು ಬಹುವಚನ ಬಿಟ್ಟು ಕರೆದವರಲ್ಲ. ಕನ್ನಡದಲ್ಲಿ ಅಳಿಯಂದಿರು, ತಮಿಳಿನಲ್ಲಿ ಮಾಪಿಳ್ಳೈ, ಬಂದರು, ಹೋದರು, ಉಂಡರು. ಎದುರಿಗಿಲ್ಲದಾಗಲೂ ಹಾಗೇ.

"ಇವನ್ ಅಡಿಚ್ಚಾನ್‌ಮ್ಮಾ" ಎಂದರು ಅಪ್ಪ. "ರೆಂಡು ವಾಟಿ. ನಾನ್ ಪಾತ್ತುಕ್ಕಿಟ್ಟೇ ನಿನ್ನೇನ್."

ಇವನು ಹೊಡೆದ, ಎರಡು ಸಲ, ನಾನು ನೋಡುತ್ತಾ ನಿಂತಿದ್ದೆ ಎಂದು. ಅವನು ಮಾವಾ ಎಂದು ಏಳಲು ಹೋದ. ಅಪ್ಪ ಅವನ ಕಡೆ ನೋಡಲಿಲ್ಲ. ಕೊನೆಯ ಮಾತನ್ನೂ ಬರೆದುಕೊಳ್ಳಮ್ಮಾ ಎಂದು ಡಾಕ್ಟರ್‌ಗೆ ಹೇಳಿದರು. ಅವಳು ಬರೆದುಕೊಂಡಳು.